ನಡುಗಜ್ಜಿಯ ಬಲಗೈ

ದೀಪ ಸ್ವಲ್ಪ ಸಣ್ಣದು ಮಾಡಿ. ಮಕ್ಕಳು ಮಲಗಿದವಾ? ಸರಿ. ದೇವರನ್ನು ಒಮ್ಮೆ ನೆನೆದುಕೊಂಡೇ ಶುರು ಮಾಡುತ್ತೇನೆ, ಯಾಕೆಂದರೆ ಇದು ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಎಲ್ಲರೂ ಅವಳನ್ನು ಸೂಜಿಯಕ್ಕ ಅನ್ನುತ್ತಿದ್ದರು. ಟೀವಿ ಸ್ಟುಡಿಯೋದಲ್ಲಿ ಬೊಂಬೆಗಳಿಗೆ ಬಟ್ಟೆ ಹೊಲಿಯಲು ಸೇರಿದವಳು, ಬರಬರುತ್ತಾ ಬೊಂಬೆ ಆಡಿಸುವುದಕ್ಕೂ ಕೈ ಹಾಕಿದಳು.

ಆವತ್ತು ಶೂಟಿಂಗ್ ಮುಗಿದಾಗ ಹತ್ತೂವರೆ. ಸ್ಟುಡಿಯೋ ಹಿಂದಿನ ಓಣಿಯಲ್ಲಿ ಒಂದು ಹಳೇ ಬಾವಿ. ಯಾರೂ ನೀರು ಸೇದುವುದಿಲ್ಲ, ಮೇಲೆ ತಗಡಿನ ಮುಚ್ಚಳ. ಸೂಜಿಯಕ್ಕ ಅದನ್ನು ದಾಟುತ್ತಿದ್ದಾಳೆ…

ಟಿಕ್.

ನಿಂತಳು.

ಟಿಕ್… ಟಿಕ್‌ಟಿಕ್… ಟಿಕ್.

ತಗಡಿಗೆ ಏನೋ ತಾಗುವ ಸದ್ದು. ಗಡಿಯಾರದ ಹಾಗೆ ಒಂದೇ ಸಮನಲ್ಲ, ಎಡವುತ್ತಾ ಎಡವುತ್ತಾ ಬರುವಂಥದ್ದು. ನೋಡಿದರೆ ಬಾವಿಕಟ್ಟೆಯ ಮೇಲೆ ಮೇಷ್ಟ್ರ ತಾಯಿ. ಬಲಗೈ ಮುಚ್ಚಳದ ಮೇಲಿದೆ. ಆ ಕೈ ಸದಾ ನಡುಗುತ್ತಿತ್ತು. ಬೆರಳಲ್ಲೊಂದು ಸಡಿಲ ಉಂಗುರ. ಏನು ಮುಟ್ಟಿದರೂ ಅದು ಟಿಕ್ ಅನ್ನುತ್ತಿತ್ತು.

ಇಲ್ಲ ಇಲ್ಲ, ಈಗಲೇ ಹೆದರಬೇಡಿ. ಆಗಿನ್ನೂ ಅವರು ಬದುಕಿದ್ದರು.

ಮೇಷ್ಟ್ರು ಅಂದರೆ ಬೊಂಬೆಯಾಟದ ಮುಖ್ಯಸ್ಥ. ದಿನಾ ಸಂಜೆ ಟೀವಿಯಲ್ಲಿ ಅವರ ನಡುಗಜ್ಜಿ ಬೊಂಬೆ ಬರುತ್ತಿತ್ತು. ಬಟ್ಟೆಯ ಮೈ, ದೊಡ್ಡ ಬಾಯಿ, ಉಬ್ಬು ಕನ್ನಡಕ. ಅಜ್ಜಿ ಚಹಾ ಕುಡಿಯಲು ಲೋಟ ಎತ್ತುತ್ತಾಳೆ, ಕೈ ಗಡಗಡ, ಚಹಾವೆಲ್ಲ ಪಕ್ಕದ ಬೆಕ್ಕಿನ ಮುಖಕ್ಕೆ. ಊರೂರಿನ ಮಕ್ಕಳೂ ಬಿದ್ದು ಬಿದ್ದು ನಗುತ್ತಿದ್ದವು. ಆ ಕನ್ನಡಕ, ಆ ಕೆಮ್ಮು, ಆ ನಡುಕ… ಎಲ್ಲ ಮೇಷ್ಟ್ರು ತಮ್ಮ ಹೆತ್ತ ತಾಯಿಯಿಂದಲೇ ಕದ್ದದ್ದು.

ಆ ಬೊಂಬೆ ಒಬ್ಬರಿಂದ ಆಗುವ ಕೆಲಸವಲ್ಲ. ಮೇಷ್ಟ್ರ ಬಲಗೈ ಬೊಂಬೆಯ ತಲೆಯೊಳಗೆ, ನಾಲ್ಕು ಬೆರಳು ಮೇಲ್ದುಟಿಗೆ, ಹೆಬ್ಬೆರಳು ಕೆಳದುಟಿಗೆ. ಎಡಗೈ ಬೊಂಬೆಯ ಎಡತೋಳಿನೊಳಗೆ. ಬೊಂಬೆಯ ಬಲಗೈ ಮಾತ್ರ ಸೂಜಿಯಕ್ಕನದು. ಇಬ್ಬರೂ ಮೇಜಿನ ಕೆಳಗೆ ಒತ್ತಿಕೊಂಡು ಕೂತು ಕೈ ಮೇಲೆತ್ತಿರಬೇಕು. ಆಡಿಸುವವರಿಗೆ ಬೊಂಬೆ ಕಾಣುವುದಿಲ್ಲ. ನೆಲದ ಮೇಲಿಟ್ಟ ಪುಟ್ಟ ಟೀವಿಯಲ್ಲಿ ನೋಡಿಕೊಂಡೇ ಆಡಿಸಬೇಕು. ಮೈಕು ಹತ್ತಿರವೇ ಇರುವುದರಿಂದ ಬಳೆ, ಉಂಗುರ ಏನೂ ಹಾಕುವ ಹಾಗಿಲ್ಲ.

ನಡುಕ ಕಲಿಯಲು ಸೂಜಿಯಕ್ಕನನ್ನು ಮೇಷ್ಟ್ರೇ ಮನೆಗೆ ಕರೆದುಕೊಂಡು ಹೋಗಿದ್ದರು. ಒಂದು ವಾರ ಆ ತಾಯಿಯ ಕಾಲು ಒತ್ತುವ ನೆಪದಲ್ಲಿ ಕೂತು ಕೈ ನೋಡಿದಳು. ಮುದುಕಿಗೆ ಏನು ಗೊತ್ತು? ಮಾತಾಡಿಸಲು ಒಂದು ಹೆಣ್ಣುಜೀವ ಬಂತಲ್ಲ ಅಂತ ಅವರಿಗೆ ಖುಷಿ.

ಬಾವಿಕಟ್ಟೆಯಲ್ಲಿ ಅವರು ಪಿಸುಗುಟ್ಟಿದರು:

"ಬಾ ಮಗಳೇ. ಜೋರಾಗಿ ಮಾತಾಡಬೇಡ, ನನ್ನ ಮಗ ಹಿಂದೇನೇ ಬರ್ತಿರ್ತಾನೆ."

"ಏನಮ್ಮಾ, ಇಷ್ಟೊತ್ತಲ್ಲಿ ಇಲ್ಲಿ?"

"ಓಣಿ ಮಕ್ಕಳು ಬಾಗಿಲಿಗೆ ಬಂದು ಲೋಟ ಹಿಡಿದು ನಿಲ್ತಾವೆ. ಕುಡಿ ಅಜ್ಜಿ, ಚೆಲ್ಲು ಅಜ್ಜಿ ಅಂತಾವೆ… ಅವನಿಗೆ ಹೇಳಿದ್ರೆ ನಗ್ತಾನೆ."

"ನಾನೇನು ಮಾಡ್ಲಿ ಅಮ್ಮಾ?"

"ತಲೆ ಅವನದು, ಬಾಯಿ ಅವನದು. ಕೈ ನಿಂದೇ ಅಲ್ವೇನೇ? ನಡುಗಿಸಬೇಡ. ಅಷ್ಟೇ."

ನಡುಗುವ ಕೈ ಮುಂದೆ ಚಾಚಿದರು. ಸೂಜಿಯಕ್ಕ ಅದರ ಮೇಲೆ ತನ್ನ ಬಲಗೈ ಇಟ್ಟು, "ದೇವರಾಣೆ, ನಡುಗಿಸಲ್ಲ" ಅಂದಳು.

ಕೈ ಮೇಲೆ ಕೈಯಿಟ್ಟು, ದೇವರ ಹೆಸರು ತೆಗೆದು… ನೆನಪಿಟ್ಟುಕೊಳ್ಳಿ.

ಮಾರನೆಯ ದಿನ ಮೇಷ್ಟ್ರಿಗೆ ಹೇಳಿಯೂ ಹೇಳಿದಳು. ಅವರು ನಕ್ಕರು. "ಅಮ್ಮಂದು ನಾಟಕ ಕಣೇ, ಒಳಗೊಳಗೇ ಹಿಗ್ಗು. ನಡುಗಿಸೋಕೆ ಆಗಲ್ವಾ? ಹೇಳ್ಬಿಡು. ಆ ಕೈಗೆ ಒಂದು ಕೋಲು ಕಟ್ತೀನಿ. ಕೋಲು ಆಣೆ ಪ್ರಮಾಣ ಮಾಡಲ್ಲ."

ಅವಳನ್ನು ಕೆಟ್ಟವಳು ಅನ್ನಬೇಡಿ. ಗಂಡನಿಲ್ಲ, ಮಕ್ಕಳಿಲ್ಲ. ಆ ಕೈ ಬಿಟ್ಟರೆ ಅವಳಿಗೆ ಬೇರೆ ಗತಿಯಿಲ್ಲ. ನಡುಗಿಸಿದಳು. ಹೆದರಿಕೆಗೆ ಇನ್ನೂ ಸ್ವಲ್ಪ ಜೋರಾಗಿಯೇ ನಡುಗಿಸಿದಳು. ಡೈರೆಕ್ಟರು "ಇವತ್ತು ಬಹಳ ಚೆನ್ನಾಗಿ ಬಂತು" ಅಂದರು.

ಅದು ಟೀವಿಯಲ್ಲಿ ಬಂದ ಸಂಜೆ ಮೇಷ್ಟ್ರ ತಾಯಿ ಪೂರ್ತಿ ನೋಡಿದರಂತೆ. ಟೀವಿ ಆರಿಸಿದರು. ಗೋಡೆ ಕಡೆ ಮುಖ ಮಾಡಿ ಮಲಗಿದರು. ಏಳಲಿಲ್ಲ. ಉಂಗುರ ಕಳಚಬೇಡಿ ಅಂತ ಮೊದಲೇ ಹೇಳಿದ್ದರಂತೆ. ಅದೂ ಅವರ ಜೊತೆಗೇ ಹೋಯಿತು.

ನಾಲ್ಕನೇ ದಿನಕ್ಕೆ ಮೇಷ್ಟ್ರು ಶೂಟಿಂಗಿಗೆ ಹಾಜರ್. ಕೈಯಲ್ಲಿ ತಾಯಿ ಹೊದೆಯುತ್ತಿದ್ದ ಶಾಲು. "ಇದನ್ನ ಕತ್ತರಿಸಿ ಅಜ್ಜಿಗೆ ಹೊಲಿ. ಸುಮ್ನೆ ಹಾಳಾಗುತ್ತೆ." ಸೂಜಿಯಕ್ಕ ಕತ್ತರಿಸಿದಳು. ಶಾಲಿನಲ್ಲಿ ಇನ್ನೂ ಆ ಮುದುಕಿಯ ತಲೆಯೆಣ್ಣೆಯ ವಾಸನೆ ಇತ್ತು.

ನಡು ಮಧ್ಯಾಹ್ನ. ಸ್ಟುಡಿಯೋ ತುಂಬ ಬೆಳಕು. ಕತ್ತಲಲ್ಲಿ ಕಂಡದ್ದು ಭ್ರಮೆ ಅನ್ನುತ್ತೀರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಇಬ್ಬರೂ ಮೇಜಿನ ಕೆಳಗೆ ಕೂತರು.

"ಚೆನ್ನಾಗಿ ನಡುಗಿಸು. ಅಮ್ಮನ ನೆನಪಿಗೆ," ಅಂದರು ಮೇಷ್ಟ್ರು.

ಸೂಜಿಯಕ್ಕ ಬೊಂಬೆಯ ತೋಳಿನೊಳಗೆ ಕೈ ತೂರಿಸಿದಳು. ಮೊಣಕೈವರೆಗೆ ಹೋಯಿತು. ತಣ್ಣಗಿತ್ತು. ಎಲ್ಲರೂ ಸುಮ್ಮನಾದರು…

ಟಿಕ್.

ಸೌಂಡಿನವನು ಕಿವಿಯಿಂದ ಹೆಡ್‌ಫೋನ್ ತೆಗೆದ. "ಯಾರ್ರೀ ಅದು ಉಂಗುರ ಹಾಕ್ಕೊಂಡಿರೋದು? ತೆಗೀರಿ."

"ನಾವ್ಯಾರೂ ಹಾಕಿಲ್ಲಪ್ಪ," ಅಂದರು ಮೇಷ್ಟ್ರು ಮೇಜಿನ ಕೆಳಗಿಂದ.

"ಹಾಗಾದ್ರೆ ಅಜ್ಜೀನೇ ಹಾಕ್ಕೊಂಡಿರಬೇಕು," ಅಂದ. ಎಲ್ಲರೂ ನಕ್ಕರು.

ಸೂಜಿಯಕ್ಕ ನಗಲಿಲ್ಲ. ಬೊಂಬೆಯ ಕೈಯೊಳಗೆ, ಅವಳ ಬೆರಳುಗಳ ಸಂದಿಯಲ್ಲಿ, ಒಂದೊಂದಾಗಿ ಬೇರೆ ಬೆರಳುಗಳು ಸೇರಿಕೊಳ್ಳುತ್ತಿದ್ದವು. ಸುಕ್ಕು ಬಿದ್ದ ಚರ್ಮ. ಒಂದು ಬೆರಳ ಬುಡದಲ್ಲಿ ಗಟ್ಟಿಯಾದ ಸಣ್ಣ ಬಳೆಯಂಥದ್ದು. ಆ ಕೈ ಅವಳ ಕೈಯನ್ನು ಮೆಲ್ಲಗೆ ಹಿಡಿಯಿತು.

ಪುಟ್ಟ ಟೀವಿಯಲ್ಲಿ ಅಜ್ಜಿ ಲೋಟ ಎತ್ತಿದಳು. ಕೈ ಕಲ್ಲಿನ ಹಾಗೆ ನಿಂತಿತ್ತು. ಒಂದು ಹನಿ ಚೆಲ್ಲಲಿಲ್ಲ.

"ನಡುಗಿಸಮ್ಮಾ!" ಡೈರೆಕ್ಟರು ಕೂಗಿದರು.

ಅವಳು ನಡುಗಿಸುತ್ತಿದ್ದಳು. ಭುಜ ಕಿತ್ತುಬರುವ ಹಾಗೆ ಅಲ್ಲಾಡಿಸುತ್ತಿದ್ದಳು. ಮೊಣಕೈ ಆಚೆಗೆ ಏನೂ ಅಲ್ಲಾಡಲಿಲ್ಲ. ಅಜ್ಜಿ ಲೋಟ ಕೆಳಗಿಟ್ಟಳು. ಆಮೇಲೆ ಬಲಗೈ ಎತ್ತಿ ತನ್ನ ಬಾಯಿಯ ಮೇಲೆ ಇಟ್ಟುಕೊಂಡಳು. ಮಾತಾಡುವ ಮಗುವಿನ ಬಾಯಿ ಮುಚ್ಚುತ್ತಾರಲ್ಲ, ಅಷ್ಟು ಮೆತ್ತಗೆ. ಆ ಬಾಯಿಯೊಳಗೆ ಮೇಷ್ಟ್ರ ಕೈ ಇತ್ತು.

ಒತ್ತಿತು.

ಚಟ್… ಒಣ ಕಡ್ಡಿ ಮುರಿದ ಹಾಗೆ.

ಮೇಷ್ಟ್ರು ಕಿರುಚಿದರು. ಮೇಲೆ ನಿಂತವರಿಗೆ ಅದು ಅಜ್ಜಿಯ ಹೊಸ ತಮಾಷೆ. ತನ್ನ ಬಾಯಿ ತಾನೇ ಮುಚ್ಚಿಕೊಂಡು ಕಿರುಚುವ ಅಜ್ಜಿ! ನಗು ತಡೆಯಲಾಗಲಿಲ್ಲ. ಕ್ಯಾಮೆರಾದವನು ಹೊಟ್ಟೆ ಹಿಡಿದುಕೊಂಡ.

ಚಟ್.

"ಬಿಡೇ! ಬಿಡೇ ನಿನ್ನ…"

"ನಾನಲ್ಲ ಮೇಷ್ಟ್ರೇ! ನಾನಲ್ಲ…"

ಚಟ್… ಅವರೆಲ್ಲ ಇನ್ನೂ ನಗುತ್ತಿದ್ದರು. ನಾಲ್ಕನೆಯದು ಬಹಳ ಹೊತ್ತು ಬಿಟ್ಟು ಆಯಿತು. ಅವಸರವೇ ಇರಲಿಲ್ಲ ಅದಕ್ಕೆ.

ಆ ನಾಲ್ಕು ಬೆರಳು ಮತ್ತೆ ಮಡಿಸಲಿಕ್ಕೆ ಬರಲಿಲ್ಲ. ಅಲ್ಲಿಗೆ ಬೊಂಬೆಯಾಟ ಮುಗಿಯಿತು. ಸೂಜಿಯಕ್ಕನೇ ಮುರಿದಳು ಅಂತ ಎಲ್ಲರೂ ಅಂದರು. ಬೊಂಬೆಯೊಳಗಿದ್ದದ್ದು ಅವಳ ಕೈ ತಾನೇ? ಇನ್ನೇನು ಹೇಳಿಯಾಳು? ತೋಳಿನಿಂದ ಕೈ ಹೊರಗೆ ತೆಗೆದಾಗ ಅದು ಗಡಗಡ ನಡುಗುತ್ತಿತ್ತಂತೆ. ಹೆದರಿಕೆ, ನಿಲ್ಲುತ್ತದೆ ಅಂದರು ಡಾಕ್ಟರು. ಹದಿನಾರು ವರ್ಷ ಆಯಿತು. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಬಟ್ಟೆಯಂಗಡಿ, ದರ್ಜಿಯಂಗಡಿ, ಎಲ್ಲೂ ಅವಳಿಗೆ ಕೆಲಸ ಕೊಡಲಿಲ್ಲ. ಅವಳು ಹೋಗುವ ಬೀದಿಯ ಮಕ್ಕಳಿಗಂತೂ ಅವಳೇ ನಡುಗಜ್ಜಿ.

ದೇವರು ದೊಡ್ಡವನು, ಕ್ಷಮಿಸುತ್ತಾನೆ. ನಾನು ದಿನಾ ಅವಳಿಗಾಗಿ ಬೇಡಿಕೊಳ್ಳುತ್ತೇನೆ. ಸತ್ತವರಿಗೂ ಆ ಕ್ಷಮಿಸುವ ಗುಣ ಬಂದೇ ಬರುತ್ತದೆ ಅಂತ ಮಾತ್ರ ಎಲ್ಲೂ ಬರೆದಿಲ್ಲ.

ನಂಬದಿದ್ದರೆ ಬಿಡಿ. ಹೋದ ವಾರ ಅವಳು ನಮ್ಮ ಮನೆಗೆ ಬಂದಿದ್ದಳು. ಇದೇ ಕೋಣೆ, ನೀವು ಕೂತಿದ್ದೀರಲ್ಲ, ಅದೇ ಕುರ್ಚಿ. ನಾನೇ ನನ್ನ ಕೈಯಾರೆ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟೆ. ಅವಳು ಹಿಡಿದಳು… ಟಿಕ್. ಟಿಕ್‌ಟಿಕ್… ಟಿಕ್. ನನ್ನ ಈ ಎರಡು ಕಿವಿಯಿಂದ ಕೇಳಿದ್ದು. ನೀರು ಚೆಲ್ಲಿತು, ಒರೆಸೋಣ ಅಂತ ಅವಳ ಕೈ ಹಿಡಿದು ನೋಡಿದೆ.

ಬೆರಳಲ್ಲಿ ಉಂಗುರ ಇರಲಿಲ್ಲ.