ಸಾಹುಕಾರನ ಸೋಫಾ, ಅಕ್ಕನ ತಲೆ ಎಣ್ಣೆ

ತಬಲಾ ಸ್ವಲ್ಪ ನಿಲ್ಲಿಸಿ ವಿರೂಪಾಕ್ಷಪ್ಪನವರೇ, ಈಗೊಂದು ಕಥೆ. ಅಗೋ ನೋಡಿ! ಕಥೆ ಅಂದ ಕೂಡಲೇ ಗೋಡೆಗೆ ಒರಗಿದ್ದವರೆಲ್ಲ ನೆಟ್ಟಗೆ ಕೂತರು. ಇಷ್ಟು ಹೊತ್ತು ವೈರಾಗ್ಯದ ಮಾತು ಹೇಳುವಾಗ ಎಲ್ಲಿಗೆ ಹೋಗಿದ್ದಿರಿ?

ಒಂದೂರು. ಆ ಊರಿಗೊಬ್ಬ ಸಾಹುಕಾರ. ಹೆಸರು ಕೇಳಬೇಡಿ, ಹೇಳಿದರೆ ಮುಂದಿನ ಸಾಲಿನವರು ಯಾರಾದರೂ ಎದ್ದು ಹೋದಾರು. ಹೊಸ ಮನೆ ಕಟ್ಟಿಸಿದ. ಮನೆ ಅಂದಮೇಲೆ ಸೋಫಾ ಬೇಡವೇ? ಅದೂ ಎಂಥದ್ದು? ಲೆದರ್ ಸೋಫಾ! ಹೆಂಡತಿಯನ್ನು ಕರೆದುಕೊಂಡು ಪೇಟೆಗೆ ಹೋದ.

ಅಂಗಡಿಯವನು ಒಳ್ಳೆಯ ಮನುಷ್ಯ. ಕಂದು ಬಣ್ಣದ ಒಂದು ಸೋಫಾ ತೋರಿಸಿ, "ಇದು ಮೇಲ್ಪದರದ ಚರ್ಮ ಸಾಹುಕಾರ್ರೇ. ಎಮ್ಮೆ ಮೈಮೇಲೆ ಹೇಗಿತ್ತೋ ಹಾಗೇ ಇದೆ" ಅಂದ. ಸಾಹುಕಾರ ಕನ್ನಡಕ ಏರಿಸಿ ನೋಡಿದ. ಇಲ್ಲೊಂದು ಗೀರು, ಅಲ್ಲೊಂದು ಚುಕ್ಕೆ.

"ಏನಯ್ಯಾ ಇದು, ಕಲೆ ಇರೋ ಮಾಲು ಕೊಡ್ತೀಯಾ?"

"ಅದು ಬೇಲಿ ತರಚಿದ ಗುರುತು. ಇದು ಉಣ್ಣೆಹುಳ ಕಚ್ಚಿದ್ದು. ಅಸಲಿ ಅನ್ನೋಕೆ ಅದೇ ಸಾಕ್ಷಿ. ಪಕ್ಕದ್ದು ನೋಡಿ, ಅದರಲ್ಲಿ ಗುರುತನ್ನೆಲ್ಲ ಉಜ್ಜಿ ಮೇಲೆ ಬಣ್ಣ ಹೊಡೆದಿದ್ದಾರೆ. ಅದರಾಚೆಗಿರೋದು ಒಳಪದರ, ಅಷ್ಟು ಗಟ್ಟಿ ಅಲ್ಲ."

"ಆ ಮೂಲೇಲಿ ಫಳಫಳ ಅಂತಿದೆಯಲ್ಲ, ಅದು?"

"ಅದು ಬೇಡ ಬಿಡಿ. ಚೂರುಪಾರು ಚರ್ಮ ಪುಡಿ ಮಾಡಿ, ಅಂಟು ಕಲಸಿ ಬಟ್ಟೆ ಮೇಲೆ ಒತ್ತಿರೋದು. ಹೆಸರಿಗೆ ಮಾತ್ರ ಲೆದರ್."

ಹೆಂಡತಿ ಮೆಲ್ಲಗೆ, "ಕಂದು ಬಣ್ಣದ್ದೇ ಇರಲಿ ರೀ" ಅಂದಳು. ಸಾಹುಕಾರ ಕೇಳಿದನೇ? ಮನೆಯಲ್ಲಿ ಹೆಂಡತಿ ಮಾತು ಕೇಳೋ ಗಂಡಸರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. ಬೇಡ ಬಿಡಿ, ಸುಳ್ಳು ಹೇಳಿಸಿದ ಪಾಪ ನನಗೆ ಬಂದೀತು. ಒಂದು ಕಲೆಯೂ ಇಲ್ಲದ, ಕನ್ನಡಿ ಹಾಗೆ ಹೊಳೆಯೋ ಕಪ್ಪು ಸೋಫಾನೇ ಮನೆಗೆ ಬಂತು.

ಬಂದದ್ದೇನೋ ಬಂತು. ಅದರ ಮೇಲಿನ ಪ್ಲಾಸ್ಟಿಕ್ ಮಾತ್ರ ತೆಗೆಯಲಿಲ್ಲ. ನಗ್ತೀರಾ? ಮಠದ ಹೊರಗೆ ನಿಂತಿರೋ ಕಾರುಗಳ ಸೀಟು ನೋಡಿಕೊಂಡೇ ನಾನು ಒಳಗೆ ಬಂದದ್ದು! ಸಾಹುಕಾರ ಪ್ಲಾಸ್ಟಿಕ್ ಎತ್ತಿ ಎತ್ತಿ ಒಳಗೆ ಕೊಬ್ಬರಿ ಎಣ್ಣೆ ಸವರಿದ, ಹೊಳೆಯಲಿ ಅಂತ. ಬೀದಿಯವರಿಗೆ ಕಾಣಲಿ ಅಂತ ಬಿಸಿಲು ಬೀಳೋ ಕಿಟಕಿ ಪಕ್ಕ ಇಟ್ಟ. ಆಯುಧ ಪೂಜೆ ದಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದ. ಆಯುಧ ಪೂಜೆಗೆ ಸೋಫಾ ಯಾವ ಆಯುಧ ಸ್ವಾಮಿ? ಆದರೆ ಅದರಿಂದ ಒಬ್ಬರಿಗೆ ಪೆಟ್ಟು ಬಿದ್ದದ್ದಂತೂ ನಿಜ. ಕೇಳಿ.

ಸಾಹುಕಾರನಿಗೆ ಒಬ್ಬಳು ಅಕ್ಕ. ತಾಯಿ ಸತ್ತಮೇಲೆ ಸೊಂಟದ ಮೇಲೆ ಹೊತ್ತು ಸಾಕಿದವಳು. ಪಕ್ಕದ ಹಳ್ಳಿ. ಪ್ರತಿ ಸಂತೆಗೆ ಬಂದವಳು ತಮ್ಮನ ಮನೆಯಲ್ಲಿ ಚಹಾ ಕುಡಿದು, ಅವನ ಮುಖ ನೋಡಿಕೊಂಡು ಬಸ್ಸು ಹತ್ತುತ್ತಿದ್ದಳು. ಸೋಫಾ ಬಂದಮೇಲೂ ಒಂದು ಸಂತೆ ದಿನ ಬಂದಳು. ಮಂಡಿ ನೋವು. "ಅಯ್ಯಪ್ಪಾ" ಅಂತ ಸೋಫಾದ ಕಡೆಗೆ ಹೋದಳು.

"ಅಕ್ಕಾ, ಅಕ್ಕಾ, ಅಲ್ಲಿ ಬೇಡ! ನಿನ್ನ ತಲೆ ಎಣ್ಣೆ ಹತ್ತುತ್ತೆ!"

ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ. ನೋಡಿ, ಸೋಫಾಕ್ಕೆ ಇವನೇ ಬಟ್ಟಲುಗಟ್ಟಲೆ ಎಣ್ಣೆ ಸವರುತ್ತಿದ್ದ. ಅಕ್ಕನ ತಲೆಯ ಎಣ್ಣೆ ಮಾತ್ರ ಬೇಡವಾಯಿತು! ಅಕ್ಕ ಆ ಕುರ್ಚಿಯಲ್ಲೇ ಕೂತು ಚಹಾ ಕುಡಿದು ಹೋದಳು. ಮುಂದಿನ ಸಂತೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. "ಹೋಗಿ ಕರೆದುಕೊಂಡು ಬನ್ನಿ" ಅಂತ ಹೆಂಡತಿ ಹೇಳಿದರೆ, "ಸಿಟ್ಟು ಇಳಿದರೆ ಅವಳೇ ಬರ್ತಾಳೆ" ಅಂದ.

ಬೇಸಿಗೆಯಲ್ಲಿ ಊರಿನ ದೊಡ್ಡ ಮುಖಂಡರು ಮನೆಗೆ ಬಂದರು. ಗಂಜಿ ಹಾಕಿದ ಬಿಳಿ ಪಂಚೆ. ಸಾಹುಕಾರ ಸಡಗರದಿಂದ ಪ್ಲಾಸ್ಟಿಕ್ ಕಿತ್ತು ಕೂರಿಸಿದ. ಮುಖಂಡರು ಉಪ್ಪಿಟ್ಟು ತಿಂದರು, ಮೆಚ್ಚಿದರು, ಎದ್ದರು. ಎದ್ದರೆ ಸೋಫಾದ ಸಿಪ್ಪೆಯೂ ಜೊತೆಗೇ ಎದ್ದಿತು! ಸೀದ ದೋಸೆ ಹಾಗೆ ಕರಿ ಹಕ್ಕಳೆ ಪಂಚೆಯ ಹಿಂಭಾಗಕ್ಕೆಲ್ಲ ಅಂಟಿದೆ. ಅವರಿಗೆ ಹೇಳೋ ಧೈರ್ಯ ಯಾರಿಗಿದೆ? ಹಾಗೇ ಹೋಗಿ ಶಾಲೆಯ ಸಭೆಯಲ್ಲಿ ಜನಕ್ಕೆ ಬೆನ್ನು ಮಾಡಿ ದೀಪ ಹಚ್ಚಿದರಂತೆ. ತಾಯಂದಿರೇ, ಸಾಕು, ನಗು ಸ್ವಲ್ಪ ನಾಳೆಗೂ ಇರಲಿ.

ಸಾಹುಕಾರ ಸಿಟ್ಟಿನಲ್ಲಿ ಅಂಗಡಿಗೆ ಹೋದ. ಅಂಗಡಿಯವನು ಎಲ್ಲ ಕೇಳಿ ಹೇಳಿದ: "ಮೊದಲೇ ಅಂಟು. ಅದಕ್ಕೆ ಬಿಸಿಲು, ಎಣ್ಣೆ, ಮೇಲೆ ಪ್ಲಾಸ್ಟಿಕ್. ಉಳಿಯುತ್ತಾ? ಇನ್ನು ಅಸಲಿ ಚರ್ಮಕ್ಕಾದರೂ ಗಾಳಿ ಬೇಕು. ಒಣ ಬಟ್ಟೇಲಿ ಧೂಳು ಒರೆಸಿ, ಆಗಾಗ ಅದರದ್ದೇ ಕ್ರೀಮು ತೆಳ್ಳಗೆ ಹಚ್ಚಿದರೆ ಸಾಕು. ಆಮೇಲೆ ಕೂರಬೇಕು, ಅಷ್ಟೇ."

ಹೇಳುತ್ತಾ ಅವನು ಕೂತಿದ್ದು ಎಲ್ಲಿ? ಅದೇ ಕಂದು ಸೋಫಾ! ಯಾರೂ ಕೊಳ್ಳಲಿಲ್ಲ ಅಂತ ತಾನೇ ಇಟ್ಟುಕೊಂಡಿದ್ದ. ಕೂತು ಕೂತು ಬಣ್ಣ ಏರಿ, ಮೊದಲಿಗಿಂತ ಚೆಂದವಾಗಿತ್ತು. ಒರಗೋ ಜಾಗದಲ್ಲಿ ಮಾತ್ರ ಅಂಗೈಯಗಲ ಕಪ್ಪು ಕಲೆ.

"ಇದನ್ಯಾಕೆ ತೆಗೆದಿಲ್ಲ?"

"ಅದು ನಮ್ಮವ್ವ ತಲೆ ಇಟ್ಟು ಕೂರ್ತಿದ್ದ ಜಾಗ. ಅವ್ವ ಹೋದಳು ಸಾಹುಕಾರ್ರೇ. ಎಣ್ಣೆ ಕಲೆ ಚರ್ಮಕ್ಕೆ ಒಳ್ಳೇದಲ್ಲ, ಗೊತ್ತು. ಆದರೂ ಅದನ್ನ ಮುಟ್ಟೋಕೆ ಮನಸ್ಸು ಬರಲ್ಲ."

ಸಾಹುಕಾರ ಅಂಗಡಿಯಿಂದ ಹೊರಬಿದ್ದ. ಮನೆಗೆ ಹೋಗಲಿಲ್ಲ. ನೆಟ್ಟಗೆ ಅಕ್ಕನ ಹಳ್ಳಿಗೆ ಹೋದ. ಅಕ್ಕ ಬೈಯಲಿಲ್ಲ, "ಊಟ ಆಯ್ತೇನೋ?" ಅಂದಳು, ಕರೆದ ಕೂಡಲೇ ಹೊರಟು ಬಂದಳು. ಮನೆ ಬಾಗಿಲು ದಾಟಿದವಳು ಸೀದಾ ಆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಳು.

"ಬಾ ಅಕ್ಕ, ಸೋಫಾದ ಮೇಲೆ ಕೂತ್ಕೋ."

"ಬ್ಯಾಡಪ್ಪ, ತಲೆಗೆ ಎಣ್ಣೆ ಹಚ್ಚೀನಿ."

ಕೇಳಿದಿರಾ? ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಕಾಲು ಹಿಡಿದು ಇಳಿಸಬಹುದಿತ್ತು. ತಮ್ಮನ ಮನೆಯಲ್ಲಿ ತನ್ನ ಜಾಗ ಅದೇ ಅಂತ ಅವಳು ಒಪ್ಪಿಕೊಂಡುಬಿಟ್ಟಿದ್ದಳು. ಸಾಹುಕಾರನ ಕಣ್ಣು ತುಂಬಿತು. ಒಳಗೆ ಹೋಗಿ ಎಣ್ಣೆ ಬಟ್ಟಲು ತಂದ, ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತ.

"ನನ್ನ ತಲೆಗೂ ಹಚ್ಚು ಅಕ್ಕ, ಚಿಕ್ಕವನಿದ್ದಾಗ ಹಚ್ತಿದ್ದೆಯಲ್ಲ."

ಅಕ್ಕ ನೆತ್ತಿಗೆ ಸುರಿದು ತಟಪಟ ತಟ್ಟಿದಳು. ಎಣ್ಣೆ ಕಿವಿ ಮೇಲೆ ಇಳಿಯಿತು. ಆಗ ಅವನು ಎದ್ದು ಅವಳ ಕೈ ಹಿಡಿದು, "ಈಗ ಇಬ್ಬರ ತಲೇಲೂ ಎಣ್ಣೆ. ಬಾ, ಕೂತು ಕೆಡಿಸೋಣ!" ಅಂದ. ಅಕ್ಕ ನಕ್ಕಳು. ಆ ಸುಲಿದುಹೋದ ಸೋಫಾದ ಮೇಲೆ ಇಬ್ಬರೂ ಒರಗಿ ಚಹಾ ಕುಡಿದರು.

ಈಗ ನಿಮ್ಮ ಸರದಿ. ಯಾಕೆ, ಕಥೆ ಸಾಹುಕಾರನದು ಅಂದುಕೊಂಡಿರಾ? ವಿರೂಪಾಕ್ಷಪ್ಪನವರ ತಬಲಾದ ಮೇಲಿರೋದೂ ಚರ್ಮವೇ. ದಿನಾ ಬೆರಳು ಬೀಳುತ್ತೆ, ಅದಕ್ಕೇ ನಾದ ಇದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ನುಡಿಯುತ್ತದೆಯೇ? ನಿಮ್ಮ ಮನೆ ಗಾಜಿನ ಬೀರುವಿನಲ್ಲಿ "ದೊಡ್ಡವರು ಬಂದಾಗ" ಅಂತ ಇಟ್ಟ ಪಿಂಗಾಣಿ ಬಟ್ಟಲು ಯಾರು ಬರಲಿ ಅಂತ ಕಾಯುತ್ತಿದೆ? ಇನ್ನು ಕಲೆ, ಗೀರು ಇರೋ ಮನುಷ್ಯರನ್ನು ಕಂಡರೆ ಮುಖ ತಿರುವಿ, ಫಳಫಳ ಹೊಳೆಯೋರ ಹಿಂದೆ ಹೋಗ್ತೀರಲ್ಲ, ನಿಮ್ಮ ಪಂಚೆಯ ಹಿಂಭಾಗ ಒಮ್ಮೆ ನೋಡಿಕೊಳ್ಳಿ!

ಬರೀ ತಲೆ ಆಡಿಸಬೇಡಿ. ಇವತ್ತು ಮನೆಗೆ ಹೋದ ಕೂಡಲೇ ಆ ಪ್ಲಾಸ್ಟಿಕ್ ತೆಗೆಯಿರಿ, ಒಳ್ಳೆಯ ಬಟ್ಟಲಲ್ಲಿ ಮನೆಯವರಿಗೇ ಚಹಾ ಕೊಡಿ. ಆಮೇಲೆ ನೆನಪು ಮಾಡಿಕೊಳ್ಳಿ: ನೀವು ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದ್ದು ಯಾರನ್ನ? ಫೋನು ಮಾಡಬೇಡಿ, ಹೋಗಿ ಕರೆಯಿರಿ. ಅವರು ಆ ಕುರ್ಚಿಗೆ ಒಗ್ಗಿಹೋಗುವ ಮುಂಚೆ ಕರೆಯಿರಿ.

ಹ್ಞಾಂ ವಿರೂಪಾಕ್ಷಪ್ಪನವರೇ, ಈಗ ಬಾರಿಸಿ.