ಸೊಸೆಯ ಫೋನು

ಮೊಬೈಲ್ ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ತಾಯಿ, ಮಗ ಕೂತಿದ್ದರು. ಸೊಸೆಯ ಫೋನು ಮಗನ ಕೈಯಲ್ಲಿತ್ತು.

“ಇದಕ್ಕೇನಾಗಿದೆಯೋ?”

“ಏನೂ ಆಗಿಲ್ಲಮ್ಮ. ಮನೆ ವೈಫೈ ಸೆಟ್ಟಿಂಗಲ್ಲಿ ಇದೊಂದನ್ನ ಬ್ಲಾಕ್ ಮಾಡಿದೀನಿ. ರೀಚಾರ್ಜೂ ನಿಲ್ಲಿಸಿದೀನಿ.”

“ಜಾಣ ಕಣೋ! ವಿಡಿಯೋ ಕಾಲಲ್ಲಿ ಆಸ್ಪತ್ರೇಲಿರೋ ಅವರಮ್ಮನ ಮುಖ ನೋಡ್ಕೊಂಡು ಅಳೋದು ತಪ್ತು. ಅಡುಗೇನೂ ಹೊತ್ತಿಗಾಗ್ತಿದೆ. ಮತ್ತೆ ಇಲ್ಲಿಗ್ಯಾಕೆ ಬಂದ್ವಿ?”

“ರಿಪೇರಿ ಮಾಡಿಸ್ಕೊಂಡು ಬನ್ನಿ ಅಂತ ಕಾಲು ಹಿಡಿದ್ಲಲ್ಲ. ಸ್ವಲ್ಪ ಹೊತ್ತು ಕೂತಿದ್ದು ಹೋದ್ರೆ ನಂಬ್ತಾಳೆ.”

“ಏನಂದ್ರು ಅಂತ ಕೇಳಿದ್ರೆ?”

“ಕೈಮೀರಿದೆ, ಆಸೆ ಬಿಡಿ ಅಂದ್ರು ಅಂತೀನಿ.”

“ಅವರಮ್ಮನ ಡಾಕ್ಟ್ರೂ ನಿನ್ನೆ ಹಾಗೇ ಅಂದ್ರಂತಲ್ಲೋ! ಇವಳಿಗೆ ಗೊತ್ತಾಯ್ತಾ?”

“ಹೇಗೆ ಗೊತ್ತಾಗುತ್ತಮ್ಮ? ಫೋನು ಕೆಟ್ಟಿದೆಯಲ್ಲ.”

ಅಂಗಡಿಯವನು ಅವರನ್ನೇ ಕರೆದ. ಇಬ್ಬರೂ ನಗುತ್ತ ಎದ್ದು, ಬಾಗಿಲ ಕಡೆ ನಡೆದರು.