ದೇವರ ಡಬ್ಬಿ

ಹಿಂದೆ ಕುಳಿತವರಿಗೆ ಕೇಳಿಸುತ್ತಿದೆಯೇ? ಸರಿ. ಇಷ್ಟು ಹೊತ್ತು ಕಾಯಕದ ಬಗ್ಗೆ ಮಾತಾಡಿದೆ, ನೀವು ತಲೆ ಆಡಿಸಿದಿರಿ. ತಲೆ ಆಡಿಸುವುದಕ್ಕೆ ಖರ್ಚಿಲ್ಲ ನೋಡಿ. ಈಗ ಒಂದು ದೃಷ್ಟಾಂತ ಹೇಳುತ್ತೇನೆ. ಇದಕ್ಕೆ ತಲೆ ಆಡಿಸಬೇಡಿ, ಸುಮ್ಮನೆ ಕೇಳಿ.

ಒಂದು ಊರು ಅಂತ ಇಟ್ಟುಕೊಳ್ಳಿ. ಆ ಊರಲ್ಲಿ ಶೇಂಗಾ ಎಣ್ಣೆಯ ಮಿಲ್ಲು ಇಟ್ಟ ಒಬ್ಬ ಸಾವುಕಾರ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವೆಲ್ಲ ಆ ಹೆಸರಿನವರ ಕಡೆ ಕತ್ತು ತಿರುಗಿಸುತ್ತೀರಿ, ನಿಮ್ಮ ಕಡೆ ನೋಡಿಕೊಳ್ಳುವುದಿಲ್ಲ. ಈ ಸಾವುಕಾರ ಕುಡುಕನೇ? ಅಲ್ಲ. ಬಾಯಿ ಹೊಲಸೇ? ಅಲ್ಲ. ಸೋಮವಾರ ಒಪ್ಪತ್ತು ಮಾಡುತ್ತಿದ್ದ, ಮಠಕ್ಕೆ ಬಂದರೆ ಎಲ್ಲರಿಗಿಂತ ಹಿಂದೆ ಕೂಡುತ್ತಿದ್ದ. ಅಂಥವನು.

ಅವನ ಮಿಲ್ಲಿನಲ್ಲಿ ತಂದೆಯ ಕಾಲದಿಂದ ಒಂದು ಪದ್ಧತಿ ಇತ್ತು. ದಿನಾ ಬೆಳಿಗ್ಗೆ ತುಂಬುವ ಮೊದಲ ಡಬ್ಬಿ ದೇವರದು. ಅದಕ್ಕೆ ಕುಂಕುಮ ಹಚ್ಚಿ, ಚೆಂಡು ಹೂವಿನ ಸರ ಹಾಕಿ, ಗುಡಿಗೂ ಮಠಕ್ಕೂ ದೀಪದೆಣ್ಣೆ ಅಂತ ಕಳಿಸಬೇಕು. ಆಮೇಲೆ ಮಾರುವ ಮಾಲು. ತಂದೆಯ ಕಾಲದಲ್ಲಿ ದೇವರ ಡಬ್ಬಿಗೂ ಹಿಂದೆ ಬರುವ ಡಬ್ಬಿಗೂ ಏನೂ ಭೇದವಿರಲಿಲ್ಲ. ಅದೇ ಶೇಂಗಾ, ಅದೇ ಎಣ್ಣೆ. ಮಗ ಪದ್ಧತಿಯನ್ನು ಹಾಗೇ ಉಳಿಸಿಕೊಂಡ. ಅಷ್ಟೇ ಅಲ್ಲ, ಹೆಚ್ಚು ಮಾಡಿದ. ದೇವರ ಡಬ್ಬಿಗೆ ಅಂತಲೇ ಹೆಂಗಸರನ್ನು ಕೂಡಿಸಿ ಕಾಳು ಆರಿಸಿದ, ಎಣ್ಣೆ ತುಂಬುವ ಟಾಕಿಯನ್ನು ಬಿಸಿನೀರಿನಲ್ಲಿ ತೊಳೆಸಿದ. ಎಂಥ ಭಕ್ತಿ! ಅಲ್ಲವೇ? ನೀವಾದರೂ ಹೊಗಳುತ್ತಿದ್ದಿರಿ. ಊರೂ ಹೊಗಳಿತು.

ಆದರೆ ಕಥೆ ಸಾವುಕಾರನದಲ್ಲ. ಎಣ್ಣೆ ಪರೀಕ್ಷೆ ಮಾಡಲು ಅವನ ಬಳಿ ಒಬ್ಬ ಓದಿದ ಮನುಷ್ಯ ಇದ್ದ, ಕಥೆ ಅವನದು. ಬಡವರ ಮನೆಯಿಂದ ಬಂದವನು, ಸಾಲಿಯಲ್ಲಿ ಜಾಣ. ಗಾಜಿನ ನಳಿಗೆಯಲ್ಲಿ ಎಣ್ಣೆ ಹಾಕಿ, ಔಷಧ ಬೆರೆಸಿ, ಬಣ್ಣ ನೋಡಿ ಹೇಳುವುದು ಅವನ ಕೆಲಸ. ಅವನು ಸರಿ ಅಂದರೆ ಪ್ರತಿ ಡಬ್ಬಿಗೂ ಒಂದು ಚೀಟಿ. ಚೀಟಿಯ ಮೇಲೆ ‘ಪರೀಕ್ಷೆ ಮಾಡಿದೆ’ ಅಂತ ಅವನ ಸಹಿ. ಸಾವುಕಾರನ ಮುಖ ನೋಡಿ ಯಾರೂ ಎಣ್ಣೆ ಕೊಳ್ಳುತ್ತಿರಲಿಲ್ಲ, ಆ ಸಹಿ ನೋಡಿ ಕೊಳ್ಳುತ್ತಿದ್ದರು.

ಹೊಸದಾಗಿ ಬಂದಾಗ ಅವನಿಗೆ ಮನೆಯಿಲ್ಲ, ಮಠವಿಲ್ಲ. ಬಸ್ ನಿಲ್ದಾಣದ ಎದುರಿಗಿನ ಖಾನಾವಳಿಯಲ್ಲಿ ಊಟ. ಖಾನಾವಳಿ ನಡೆಸುವವಳು ಗಂಡ ಸತ್ತ ಹೆಂಗಸು. ಕೈ ಶುದ್ಧ, ಬಾಯಿ ಜೋರು. ಅವನು ಎರಡು ರೊಟ್ಟಿಗೇ ಏಳಲು ಹೋದರೆ ಬಿಡುತ್ತಿರಲಿಲ್ಲ.

‘ಕೂಡೋ ತಮ್ಮಾ. ಎರಡು ರೊಟ್ಟಿ ಅಂದ್ರ ಗುಬ್ಬಿ ತಿಂದಂಗ. ನಿಮ್ಮವ್ವ ನನ್ನ ಬೈತಾಳ.’

ಅವನ ಮದುವೆಯಾಗಿ ಮನೆ ಹೂಡುವ ತನಕ ಅವಳೇ ಅನ್ನ ಹಾಕಿದಳು. ಜ್ವರ ಬಂದಾಗ ಗಂಜಿಯನ್ನು ಕೋಣೆಗೇ ಕಳಿಸಿದಳು. ಅವನು ಅವಳನ್ನು ಅಕ್ಕ ಅನ್ನುತ್ತಿದ್ದ, ಬಾಯಿಮಾತಿಗಲ್ಲ, ಮನಸಾರೆ ಅನ್ನುತ್ತಿದ್ದ.

ಮೊದಮೊದಲು ಅವನು ಸಾಲಿನ ನಡುವೆ ಕೈ ಹಾಕಿ ತನಗೆ ತೋಚಿದ ಡಬ್ಬಿ ತೆಗೆದು ಪರೀಕ್ಷೆ ಮಾಡುತ್ತಿದ್ದ. ಒಂದು ದಿನ ನಡುವಿನ ಡಬ್ಬಿಯ ಎಣ್ಣೆ ಬೇರೆ ಬಣ್ಣ ತೋರಿಸಿತು. ಇನ್ನೊಂದು ತೆಗೆದ, ಅದೂ ಹಾಗೇ. ಸಾಬೂನು ಮಾಡಲು ತರುವ ಅಗ್ಗದ ಎಣ್ಣೆ ಅದರಲ್ಲಿ ಬೆರೆತಿತ್ತು. ಯಾರೋ ಆಳುಗಳು ಸಾವುಕಾರರಿಗೆ ಮೋಸ ಮಾಡುತ್ತಿದ್ದಾರೆ ಅಂದುಕೊಂಡು ಓಡಿದ, ಪಾಪ.

ಸಾವುಕಾರ ಬೈದನೇ? ಇಲ್ಲ. ಕೂಡಿಸಿ ಚಹಾ ಕೊಟ್ಟ.

‘ನಡುವಿನ ಡಬ್ಬಿ ಯಾಕ ತಗದ್ರಿ? ಇನ್ನ ಮ್ಯಾಲೆ ದೇವರ ಡಬ್ಬಿಯಿಂದನ ತಗೀರಿ.’

‘ಅದು ಹೆಂಗ್ರೀ? ಮಾರೂ ಎಣ್ಣಿ ಬ್ಯಾರೆ ಐತಲ್ಲರೀ.’

‘ನಿಮಗ ನಾ ಸುಳ್ಳು ಬರೀರಿ ಅಂದ್ನೇನು? ದೇವರ ಡಬ್ಬಿ ಪರೀಕ್ಷೆ ಮಾಡ್ರಿ, ಏನ ಕಾಣತೈತೋ ಅದನ್ನ ಬರೀರಿ. ನಿಮ್ಮ ಸಹಿ ಖರೇನ ಇರತೈತಿ. ಉಳಿದದ್ದು ನನಗೂ ದೇವರಿಗೂ ಬಿಡ್ರಿ.’

ಕೇಳಿದಿರಾ? ಸುಳ್ಳು ಎಲ್ಲಿದೆ ಹೇಳಿ! ಎಣ್ಣೆ ಶುದ್ಧ, ಪರೀಕ್ಷೆ ನಿಜ, ಸಹಿ ನಿಜ. ಎಲ್ಲವೂ ನಿಜ, ಮತ್ತು ಊರಿಗೆ ವಿಷ. ಅವನು ಆ ದಿನ ರೊಟ್ಟಿ ಮುಟ್ಟಲಿಲ್ಲ. ಮರುದಿನ ಮುಟ್ಟಿದ. ಹೊಸ ಸಂಸಾರ, ತಂಗಿಯ ಮದುವೆ ಬಾಕಿ, ಬೇರೆ ಕಡೆ ಕೆಲಸ ಎಲ್ಲಿದೆ? ನೀವೂ ಇದನ್ನೇ ಹೇಳುತ್ತೀರಿ, ನನಗೆ ಗೊತ್ತು. ಮನುಷ್ಯ ಒಂದೇ ದಿನ ಕೆಡುವುದಿಲ್ಲ. ಮೊದಲ ದಿನ ಊಟ ಬಿಡುತ್ತಾನೆ, ಎರಡನೆಯ ದಿನ ಉಣ್ಣುತ್ತಾನೆ, ಮೂರನೆಯ ದಿನ ಉಪ್ಪಿನಕಾಯಿ ಕೇಳುತ್ತಾನೆ.

ಒಂದು ಮಾತು ಮಾತ್ರ ಗಮನಿಸಿ. ಆ ದಿನದಿಂದ ಅವನ ಮನೆಗೆ ಆ ಮಿಲ್ಲಿನ ಎಣ್ಣೆ ಬರಲಿಲ್ಲ. ಪಕ್ಕದೂರಿನ ಗಾಣದಿಂದ ತರಿಸಿದ. ಹೆಂಡತಿ ಕೇಳಿದಳು, ‘ಮನ್ಯಾಗ ಮಿಲ್ಲಿನವರು ಇದ್ದು ಗಾಣದ ಎಣ್ಣಿ ಯಾಕರೀ?’ ‘ರುಚಿ ಚಲೋ ಇರತೈತಿ’ ಅಂದ. ತನ್ನ ಹೆಂಡತಿಯ, ಮುಂದೆ ಹುಟ್ಟಿದ ಮಕ್ಕಳ ಹೊಟ್ಟೆಯನ್ನು ಕಾಯ್ದುಕೊಂಡ. ಗಂಜಿ ಕಳಿಸಿದ ಅಕ್ಕನಿಗೆ ಒಂದು ಮಾತು ಹೇಳಲಿಲ್ಲ. ಹೇಳಿದರೆ ಮಾತು ಹಬ್ಬುತ್ತದೆ, ಕೆಲಸ ಹೋಗುತ್ತದೆ. ಅಕ್ಕನಂತೂ ಇನ್ನೊಂದು ಅಂಗಡಿಯ ಎಣ್ಣೆ ಮೂಸಿಯೂ ನೋಡುತ್ತಿರಲಿಲ್ಲ. ಗಿರಾಕಿಗಳಿಗೆ ಚೀಟಿ ತೋರಿಸಿ ಹೇಳುವಳು, ‘ನೋಡ್ರಿ, ನಮ್ಮ ತಮ್ಮನ ಸಹಿ!’

ಹೀಗೆ ವರ್ಷಗಳು ಹೋದವು. ಒಂದು ಸಲ ಬಂದ ಅಗ್ಗದ ಎಣ್ಣೆ ತೀರ ಕೆಟ್ಟದ್ದಿತ್ತು. ಆ ಸಲದ ಹೆಚ್ಚಿನ ಡಬ್ಬಿಗಳು ದೂರದ ಊರುಗಳಿಗೆ ಹೋದವು. ಅಲ್ಲಿ ಯಾರಿಗೆ ಏನಾಯಿತೋ, ಯಾರೂ ಲೆಕ್ಕ ಇಡಲಿಲ್ಲ. ಊರಲ್ಲಿ ಉಳಿದ ಸ್ವಲ್ಪವನ್ನು ಖಾನಾವಳಿಯ ಅಕ್ಕ ಕೊಂಡಳು. ಕೆಲ ದಿನಗಳಲ್ಲಿ ಅವಳಲ್ಲಿ ಉಣ್ಣುವವರ ಕಾಲು ಬಾತವು, ಉಸಿರು ಕಟ್ಟತೊಡಗಿತು. ಒಬ್ಬ ಕಂಡಕ್ಟರ ಸತ್ತ. ಒಬ್ಬ ಮುದಿ ಮಾಸ್ತರ ಸತ್ತ. ಅವಳ ಕಾಲೂ ಬಾತಿದ್ದವು, ಅವಳು ಉಣ್ಣುತ್ತಿದ್ದುದೂ ಅದನ್ನೇ ಅಲ್ಲವೇ?

ಅಧಿಕಾರಿಗಳು ಬಂದರು. ಖಾನಾವಳಿಯಲ್ಲಿ ಹುಡುಕಿದರೆ ತೊಟ್ಟು ಎಣ್ಣೆಯಿಲ್ಲ. ಡಬ್ಬಿ ಖಾಲಿಯಾದೊಡನೆ ಬೂದಿ ಹಾಕಿ ತಿಕ್ಕಿ ತೊಳೆದು, ಅದರಲ್ಲಿ ನೀರು ತುಂಬಿಡುವುದು ಅವಳ ರೂಢಿ. ಶುಚಿಯೇ ಅವಳಿಗೆ ಮುಳುವಾಯಿತು. ಮಿಲ್ಲಿಗೆ ಹೋದರು. ಮ್ಯಾನೇಜರ ಆ ಡಬ್ಬಿಗಳನ್ನು ತುಂಬಿದ ದಿನ ತೆಗೆದಿಟ್ಟ ಮಾದರಿ ಶೀಶೆ ತಂದಿಟ್ಟ. ಯಾವ ಡಬ್ಬಿಯದು? ನಿಮಗೆ ಗೊತ್ತು. ಬಂಗಾರದಂಥ ಎಣ್ಣೆ.

ವಿಚಾರಣೆಯ ದಿನ ಒಳಗೆ ಹೋಗುವ ಮೊದಲು ಅಕ್ಕ ಅವನನ್ನು ಬಾಗಿಲಲ್ಲಿ ಕಂಡಳು. ಗೋಡೆ ಹಿಡಿದು ನಿಂತಿದ್ದಳು.

‘ತಮ್ಮಾ, ಊರೆಲ್ಲ ನನ್ನ ಕೊಲೆಗಡಕಿ ಅಂತೈತಿ. ನೀ ಬಲ್ಲಾಂವ. ಎಣ್ಣ್ಯಾಗ ಏನರ ಇತ್ತೇನಪಾ? ಇದ್ರ ಹೇಳಿಬಿಡು. ಇಲ್ಲಂದ್ರ ಇಲ್ಲ ಅನ್ನು, ನನ್ನ ತಪ್ಪ ನಾ ಹೊರತೀನಿ.’

ಅವನು ಒಳಗೆ ಹೋದ. ಅಧಿಕಾರಿ ಚೀಟಿ ತೋರಿಸಿ ಕೇಳಿದ್ದು ಒಂದೇ ಮಾತು. ‘ಈ ಪರೀಕ್ಷೆ ನೀವೇ ಮಾಡಿದ್ದಾ? ಇದು ನಿಜಾನಾ?’ ನಾಲಿಗೆಯ ತುದಿಗೆ ಬಂದಿತ್ತು ನೋಡಿ! ಯಾವ ಡಬ್ಬಿ ಅಂತ ಕೇಳಿರಿ ಸಾಹೇಬರೇ ಅಂದಿದ್ದರೆ ಸಾಕಿತ್ತು. ಅಷ್ಟೂ ಅನ್ನಲಿಲ್ಲ. ‘ನಿಜ’ ಅಂದ.

ಖಾನಾವಳಿಗೆ ಬೀಗ ಬಿತ್ತು, ಅವಳ ಮೇಲೆ ಕೇಸು ಬಿತ್ತು. ಅದಲ್ಲ ದುಃಖ. ದುಃಖ ಯಾವುದು ಕೇಳಿ. ಆ ಹೆಂಗಸು ಅವನನ್ನು ನಂಬಿದಳು. ತಮ್ಮ ಸುಳ್ಳು ಹೇಳುವುದಿಲ್ಲ, ಎಣ್ಣೆ ಶುದ್ಧ, ಅಂದಮೇಲೆ ತಪ್ಪು ತನ್ನದೇ. ತನ್ನ ಕೈಯದೇ. ಯಾವ ಪಾತ್ರೆ ಸರಿಯಾಗಿ ತೊಳೆಯಲಿಲ್ಲವೋ, ಯಾವ ಹಿಟ್ಟಿನಲ್ಲಿ ಹುಳ ಇತ್ತೋ ಅಂತ ದಿನವೆಲ್ಲ ಪಾತ್ರೆ ತಿಕ್ಕತೊಡಗಿದಳು, ಬೆರಳು ಒಡೆಯುವ ಹಾಗೆ. ಆಮೇಲೆ ಒಲೆ ಹಚ್ಚುವುದನ್ನೇ ಬಿಟ್ಟಳು. ನೆರೆಯವರು ಹಾಕಿದರೆ ಉಣ್ಣುವಳು, ತನ್ನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂಡುವಳು. ಊರಿಗೆಲ್ಲ ಅನ್ನ ಹಾಕಿದ ಕೈ!

ಇದನ್ನು ಹೆಂಡತಿಯ ಬಾಯಲ್ಲಿ ಕೇಳಿ ಅವನಿಗೆ ನಿದ್ದೆ ಹೋಯಿತು. ಕಡೆಗೊಂದು ದಿನ ಧೈರ್ಯ ಬಂತು. ಧೈರ್ಯಕ್ಕೆ ಒಂದು ಕೆಟ್ಟ ಚಾಳಿ ಇದೆ ನೋಡಿ, ಬೇಕಾದಾಗ ಬರುವುದಿಲ್ಲ, ಕೆಟ್ಟ ಮೇಲೆ ಬರುತ್ತದೆ. ಅವನು ಹೋದ. ಅಕ್ಕ ಗೋಣಿಚೀಲದ ಮೇಲೆ ಮಲಗಿದ್ದಳು. ಮೈಯೆಲ್ಲ ಬಾತಿತ್ತು. ಅವಳ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದ. ದೇವರ ಡಬ್ಬಿ, ಬೇರೆ ಎಣ್ಣೆ, ತನ್ನ ಸಹಿ, ಗಾಣದ ಎಣ್ಣೆ, ಎಲ್ಲ. ಹೇಳಿ ಗಳಗಳ ಅತ್ತ.

‘ಅಕ್ಕಾ, ತಪ್ಪು ನಿನ್ನದಲ್ಲ. ನನ್ನದು. ನಿನ್ನ ಕೈ ಶುದ್ಧ ಐತಿ.’

ಅವಳು ಅವನ ತಲೆ ಸವರಿದಳು.

‘ನೀ ಭಾಳ ದೊಡ್ಡ ಮನಸ್ಸಿನಾಂವ ಅದೀ ತಮ್ಮಾ. ನನಗ ಸಮಾಧಾನ ಆಗ್ಲಿ ಅಂತ ನಿನ್ನ ತಲಿ ಮ್ಯಾಲೆ ಹಾಕ್ಕೋತೀ. ಬ್ಯಾಡಪಾ. ದೊಡ್ಡವರ ಮುಂದ ನೀ ಖರೇ ಹೇಳಿದ್ದು ನಾ ಕೇಳೀನಿ. ಸಾಯೂ ಮುದುಕಿ ಸಲುವಾಗಿ ಈಗ ಯಾಕ ಸುಳ್ಳು ಹೇಳತೀ?’

ಅವನು ಆಣೆ ಮಾಡಿದ, ಮಕ್ಕಳ ಮೇಲೆ ಆಣೆ ಮಾಡಿದ. ಮಕ್ಕಳ ಮೇಲೆ ಆಣೆ ಇಡಬೇಡ ಅಂತ ಅವಳು ಅವನ ಬಾಯಿ ಮುಚ್ಚಿದಳು. ಅವನ ಸುಳ್ಳು ಅವಳಿಗೆ ನಿಜವಾಗಿತ್ತು, ಅವನ ನಿಜ ಅವಳಿಗೆ ಸುಳ್ಳಾಯಿತು. ಆ ವಾರವೇ ಹೋದಳು. ಇಬ್ಬರನ್ನು ಕೊಂದೆ ಅಂತ ನಂಬಿಕೊಂಡೇ ಹೋದಳು.

ಸಾವುಕಾರ ಏನಾದ ಅಂತ ಕಾಯುತ್ತಿದ್ದೀರಿ. ಏನೂ ಆಗಲಿಲ್ಲ. ಮಿಲ್ಲು ನಡೆದಿದೆ. ಪರೀಕ್ಷೆಯವನು ಅಧಿಕಾರಿಯ ಬಳಿಗೂ ಹೋದ. ಫೈಲು ಮುಗಿದಿದೆ, ನೀವೇ ನಿಜ ಅಂದಿದ್ದೀರಲ್ಲ ಅಂತ ಅವರು ಕಳಿಸಿಬಿಟ್ಟರು. ಅವನ ಜಾಗಕ್ಕೆ ಇನ್ನೊಬ್ಬ ಜಾಣ ಬಂದ. ದೇವರು ನೋಡಿಕೊಳ್ಳುತ್ತಾನೆ ಅಂತ ಹೇಳಿ ನಿಮ್ಮನ್ನು ಖುಷಿಯಿಂದ ಮನೆಗೆ ಕಳಿಸಬಹುದು ನಾನು. ಆದರೆ ದೇವರ ಮುಂದೆ ದೀಪ ಚೆನ್ನಾಗಿಯೇ ಉರಿಯಿತು, ಹೊಗೆ ಕೂಡ ಬರಲಿಲ್ಲ.

ಈಗ ನಿಮ್ಮ ಮಾತಿಗೆ ಬರೋಣ. ತಪಾಸಣೆ ಇದ್ದ ದಿನ ಮಾತ್ರ ಪಾಠ ಮಾಡುವ ಮಾಸ್ತರರು ಇಲ್ಲಿ ಇಲ್ಲವೇ? ಮಂತ್ರಿಯ ಕಾರು ಬರುವಷ್ಟು ರಸ್ತೆ ಗಟ್ಟಿ ಹಾಕಿ ಮುಂದಿನದಕ್ಕೆ ಮಣ್ಣು ಬಳಿಯುವವರು? ತಾವು ಮಾಡಿದ ಔಷಧವನ್ನು ತಮ್ಮ ಮಕ್ಕಳಿಗೆ ಕೊಡದವರು, ತಾವು ಕಟ್ಟಿದ ಮನೆಯಲ್ಲಿ ತಾವು ಮಲಗದವರು? ‘ನನ್ನ ಕೆಲಸ ನಾನು ಸರಿಯಾಗಿ ಮಾಡಿದ್ದೇನೆ, ಉಳಿದದ್ದು ನನಗೆ ಗೊತ್ತಿಲ್ಲ’ ಅನ್ನುವವರಂತೂ ಈ ಸಭೆಯ ತುಂಬ ಇದ್ದೀರಿ. ಗೊತ್ತಿಲ್ಲವೇ? ಗೊತ್ತಿಲ್ಲದಿದ್ದರೆ ಮನೆಗೆ ಬೇರೆ ಕಡೆಯಿಂದ ಏಕೆ ತರುತ್ತೀರಿ?

ನಾಳೆಯಿಂದ ಇಷ್ಟು ಮಾಡಿ. ನೀವು ಮಾರುವುದನ್ನು ನೀವು ಉಣ್ಣಿ. ನಿಮಗೆ ತೋರಿಸಿದ್ದನ್ನು ಬಿಟ್ಟು, ತೋರಿಸದೇ ಇದ್ದುದನ್ನು ತೆಗೆದು ನೋಡಿ, ಆಮೇಲೆ ಸಹಿ ಹಾಕಿ. ಕೈ ನಡುಗಿದರೆ ಹಾಕಬೇಡಿ. ಕೆಲಸ ಹೋಗಬಹುದು. ಹೋಗುವುದಿಲ್ಲ ಅಂತ ನಾನು ಸುಳ್ಳು ಹೇಳಲಾರೆ, ನಿಮ್ಮ ಮಕ್ಕಳು ಕೆಲ ದಿನ ಅರೆಹೊಟ್ಟೆ ಉಣ್ಣಬಹುದು. ಆದರೂ ಹಾಕಬೇಡಿ. ಈಗಾಗಲೇ ಹಾಕಿದ್ದೀರಾ? ಹಾಗಾದರೆ ಯಾರಿಗೆ ಹೇಳಬೇಕೋ ಅವರಿಗೆ ಹೇಳಿ. ತಡ ಮಾಡಿದರೆ ಹೇಳಲು ನಿಜ ಇರುತ್ತದೆ, ನಂಬಲು ಮನುಷ್ಯ ಇರುವುದಿಲ್ಲ.

ಮಂಗಳಾರತಿ ಆಗಲಿ, ಪ್ರಸಾದ ಆಗಲಿ ಅಂತ ಕೂಡಬೇಡಿ. ಹಾಗೆ ನಿಜ ಹೇಳಬೇಕಾದವರು ನಿಮಗೆ ಯಾರಾದರೂ ಇದ್ದರೆ, ಅವರು ಇನ್ನೂ ಬದುಕಿದ್ದರೆ, ಈಗಲೇ ಎದ್ದು ಹೋಗಿ. ನಾನು ತಪ್ಪು ತಿಳಿಯುವುದಿಲ್ಲ. ಏಳಿ.

ಯಾರೂ ಏಳುತ್ತಿಲ್ಲವಲ್ಲ.